ರಸಮಟ್ಟ ಇಟ್ಟು ನೋಡಿದ ಗಿಟಾರು

ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ವ್ಯಾಪಾರ ಮಾಡುವವನಿಗೆ ಜಗತ್ತಿನಲ್ಲಿ ಇರುವುದು ಎರಡೇ ಬಗೆಯ ತೊಂದರೆ. ಒಂದು, ಕಲ್ಲು ಒಡೆದಿರುತ್ತದೆ. ಇನ್ನೊಂದು, ಕಲ್ಲು ಮಟ್ಟವಾಗಿ ಕೂತಿರುವುದಿಲ್ಲ. ಒಡೆದಿದ್ದರೆ ಬದಲಿಸಬೇಕು, ಮಟ್ಟವಿಲ್ಲದಿದ್ದರೆ ಮಟ್ಟ ಮಾಡಬೇಕು. ಮೂರನೆಯದೊಂದು ತೊಂದರೆಯೂ ಇರಬಹುದು ಎಂಬ ಅನುಮಾನ, ಶಹಾಬಾದಿನಲ್ಲಿ ಹುಟ್ಟಿ ಶಹಾಬಾದಿನಲ್ಲೇ ತಲೆ ಬೆಳ್ಳಗಾದರೂ ನನಗೆ ಬಂದಿರಲಿಲ್ಲ. ಹೀಗಾಗಿ ನನ್ನ ಹೆಂಡತಿಯ ಗಿಟಾರಿನಲ್ಲಿ ಮೂರು ತಂತಿ ಗಟ್ಟಿಯಾಗಿ ನುಡಿದು ಒಂದು ಮಾತ್ರ ಸಣ್ಣಗೆ ನುಡಿಯುತ್ತದೆ ಎಂದು ಗೊತ್ತಾದಾಗ ನಾನು ತುಂಬು ವಿಶ್ವಾಸದಿಂದ ಹೇಳಿದೆ:

"ಇಷ್ಟೇ ಏನು? ನಾ ಮಾಡಿ ಕೊಡ್ತೀನಿ ಬಿಡು!"

ಅವಳು ನನ್ನ ಮುಖವನ್ನೊಮ್ಮೆ, ಬಚ್ಚಲಮನೆಯ ಬಾಗಿಲನ್ನೊಮ್ಮೆ ನೋಡಿದಳು.

"ಮೊದಲ ಆ ಬಚ್ಚಲ ನೋಡ್ರಿ. ನೀರು ನಿಂತದ."

ಬಚ್ಚಲಿನ ವಿಷಯ ಬೇರೆ. ಅದಕ್ಕೂ ಗಿಟಾರಿಗೂ ಸಂಬಂಧವಿಲ್ಲ ಎಂದು ನಾನು ಅಂದುಕೊಂಡಿದ್ದೆ.

ಗಿಟಾರು ನಮ್ಮ ಮನೆಗೆ ಬಂದ ಬಗೆಯನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮದು ಭಂಕೂರ ರಸ್ತೆಗೆ ಹತ್ತಿಕೊಂಡ ಮನೆ. ಮುಂದೆ ಕಲ್ಲು ಪಾಲಿಶ್ ಮಾಡುವ ಯಂತ್ರ, ಹಿಂದೆ ಸಂಸಾರ, ನಡುವೆ ಒಂದು ತಗಡಿನ ಬಾಗಿಲು. ಕಲ್ಲಿನ ಧೂಳಿಗೆ ಬಾಗಿಲಿನ ಭಯವಿಲ್ಲ. ಹಾಗಾಗಿ ನಾವು ತಿನ್ನುವ ರೊಟ್ಟಿಯಲ್ಲೂ ಸ್ವಲ್ಪ ಶಹಾಬಾದ್ ಇರುತ್ತದೆ.

ನನ್ನ ಹೆಂಡತಿ ಮಹಾದೇವಿ ಹಾಡುವವಳು. ಹಾಡುವವಳಾಗಿದ್ದಳು ಅನ್ನಬೇಕು. ಓಣಿಯ ಅಕ್ಕನ ಬಳಗದಲ್ಲಿ ವಚನಕ್ಕೆ ಮೊದಲು ದನಿ ಎತ್ತುತ್ತಿದ್ದವಳು ಅವಳೇ. ಯಾರ ಮನೆಯಲ್ಲಿ ಕೂಸಿಗೆ ಹೆಸರಿಡುವ ಕಾರ್ಯವಿದ್ದರೂ "ಮಾದೇವಕ್ಕ ಬಂದಳೇನು?" ಎಂದು ಕೇಳಿದ ಮೇಲೆಯೇ ತೊಟ್ಟಿಲಿಗೆ ಹಗ್ಗ ಕಟ್ಟುತ್ತಿದ್ದರು. ಆಮೇಲೆ ಗಂಟಲಿನಲ್ಲಿ ಗಂಟಾಯಿತು, ಆಪರೇಷನ್ ಆಯಿತು. ಗಂಟು ಹೋಯಿತು, ಜೀವಕ್ಕೇನೂ ಆಗಲಿಲ್ಲ, ಬಸವಣ್ಣ ಕಾಪಾಡಿದ. ಆದರೆ ದನಿ ಕೆಳಗಿಳಿದು ಕೂತುಬಿಟ್ಟಿತು. ಮಾತಾಡಿದರೆ ಗಡಿಗೆಯೊಳಗಿಂದ ಮಾತಾಡಿದ ಹಾಗೆ. ಹಾಡಲು ಹೋದರೆ ಮೇಲಿನ ಸ್ವರಕ್ಕೆ ಬರೀ ಗಾಳಿ. ಅಂದಿನಿಂದ ಅವಳು ಕಾರ್ಯಗಳಿಗೆ ಹೋದರೆ ಹೆಂಗಸರ ನಡುವೆ ಕೂರುವುದನ್ನು ಬಿಟ್ಟು ಸೀದಾ ಅಡುಗೆಮನೆಗೆ ಹೋಗಿ ಬೆಳ್ಳುಳ್ಳಿ ಸುಲಿಯತೊಡಗಿದಳು. ಎಲ್ಲರೂ ಭಾಳ ಕೆಲಸಗಾರ್ತಿ ಎಂದು ಹೊಗಳಿದರು. ನಾನು ಮಾತ್ರ ಆ ಬೆಳ್ಳುಳ್ಳಿಯ ರಾಶಿ ಕಂಡರೆ ಮುಖ ತಿರುಗಿಸಿಕೊಂಡು ಹೊರಗೆ ಹೋಗುತ್ತಿದ್ದೆ.

ಹೀಗಿರುವಾಗ ಚಿತ್ತಾಪುರದಲ್ಲೊಂದು ಮದುವೆ. ಮದುವೆಯಲ್ಲಿ ಆರ್ಕೆಸ್ಟ್ರಾ. ಊಟಕ್ಕೆ ಎದ್ದ ಮಹಾದೇವಿ ಪಂಕ್ತಿಗೆ ಬರಲೇ ಇಲ್ಲ. ಹುಡುಕಿಕೊಂಡು ಹೋದರೆ ವೇದಿಕೆಯ ಪಕ್ಕದಲ್ಲಿ ನಿಂತಿದ್ದಾಳೆ! ಉದ್ದ ಕತ್ತಿನ, ನಾಲ್ಕೇ ತಂತಿಯ ಒಂದು ಗಿಟಾರನ್ನು ಒಬ್ಬಾತ ಹೊಟ್ಟೆಗಾನಿಸಿಕೊಂಡು ಬಾರಿಸುತ್ತಿದ್ದ. ಬೇಸ್ ಗಿಟಾರ್ ಅಂತೆ. ಅದರ ಸದ್ದು ಕಿವಿಗಿಂತ ಮೊದಲು ಎದೆಗೆ ತಾಗುತ್ತಿತ್ತು.

"ಕೇಳಿದ್ರಿ?" ಅಂದಳು. "ಇದರ ದನಿ ನನ್ನ ದನಿ ಇದ್ದಂಗೇ ಅದ. ಇಂಥ ದನಿ ಇಟ್ಕೊಂಡು ಇದು ಮದಿವ್ಯಾಗ ಹಾಡ್ಲಿಕತ್ತದ. ನಾ ಯಾಕ ಬಳ್ಳೊಳ್ಳಿ ಸುಲೀಬೇಕು?"

ಹಾಡು ಮುಗಿದ ಮೇಲೆ ನಾನು ಹೋಗಿ ಬಾರಿಸುವಾತನನ್ನೇ ವಿಚಾರಿಸಿದೆ. ಆತ ಹೊಸದು ಕೊಳ್ಳುವವನಿದ್ದ, ಹಳೆಯದನ್ನು ನಮಗೇ ಮಾರಿದ. ಜೀವಮಾನದಲ್ಲಿ ನಾನು ಅವಳಿಗೆ ತಂದುಕೊಟ್ಟ ಸೀರೆಗಳಲ್ಲಿ ಒಂದೂ ಅವಳ ಮುಖವನ್ನು ಅಷ್ಟು ಅರಳಿಸಿರಲಿಲ್ಲ. ಮೊಬೈಲಿನಲ್ಲಿ ವಿಡಿಯೋ ಹಚ್ಚಿಕೊಂಡು, ಚಾಳೀಸು ಮೂಗಿನ ಮೇಲಿಟ್ಟುಕೊಂಡು, ಪಡಸಾಲೆಯ ಹೊಸ್ತಿಲ ಮೇಲೆ ಕೂತು ಕಲಿತಳು. ಕಲ್ಲು ಕೊಳ್ಳಲು ಬಂದ ಗಿರಾಕಿಗಳು ಕಲ್ಲು ಬಿಟ್ಟು ಅವಳನ್ನೇ ನೋಡುತ್ತ ನಿಲ್ಲುತ್ತಿದ್ದರು.

ಅಷ್ಟರಲ್ಲಿ ವಾಡಿಯಿಂದ ಅವಳ ತಂಗಿ ಶರಣಮ್ಮನ ಫೋನು ಬಂತು. ಶರಣಮ್ಮನ ಮಗಳಿಗೆ ಹೆಣ್ಣು ಕೂಸು ಹುಟ್ಟಿತ್ತು. ಕೂಸಿಗೆ ತೀರಿಕೊಂಡ ನಮ್ಮ ಅತ್ತೆಯ ಹೆಸರನ್ನೇ ಇಡುವುದು ಎಂದಾಗಿತ್ತು. ನೀಲಮ್ಮ.

"ಅಕ್ಕಾ, ಅವ್ವನ ಜೋಗುಳ ನೀನೇ ಅನ್ನಬೇಕು."

"ನಾ ದನಿ ಎಲ್ಲಿಂದ ತರ್ಲೆ?"

"ಹಂಗಾರ ಅದನ್ನೇ ತಗೊಂಡು ಬಾ, ನಿನ್ನ ಗಿಟಾರ. ನಾ ಅಂತೀನಿ, ನೀ ಬಾರಸು. ಕಡೀಕ ಹೆಸರು ಬರ್ತದಲ್ಲ, ಅಲ್ಲಿ ನಾ ಸುಮ್ಮನ ಆಗ್ತೀನಿ. ಅವ್ವನ ಹೆಸರು ನೀನೇ ಕರೀಬೇಕು."

ಆ ಜೋಗುಳ ನಮ್ಮ ಅತ್ತೆಯೇ ಕಟ್ಟಿದ್ದು. ಆ ಮನೆ ಬಿಟ್ಟು ಬೇರೆ ಎಲ್ಲೂ ಅದನ್ನು ಅನ್ನುವವರಿಲ್ಲ. ಪ್ರತಿ ಸುತ್ತಿನ ಕೊನೆಗೂ ರಾಗ ಮೆಲ್ಲಗೆ ಮೇಲೇರಿ ಕೂಸಿನ ಹೆಸರನ್ನು ಕರೆದು ನಿಲ್ಲುತ್ತದೆ. ಮಹಾದೇವಿ ಹಟ ಹಿಡಿದು ಅದನ್ನು ಬೆರಳಿಗೆ ತಂದುಕೊಂಡಳು. ತೊಟ್ಟಿಲು ತೂಗುವುದೆಲ್ಲ ದಪ್ಪ ತಂತಿಗಳ ಮೇಲೆ. ಹೆಸರು ಬರುವುದು ಮಾತ್ರ ಕೊನೆಯ ಸಣ್ಣ ತಂತಿಯ ಮೇಲೆ. ಆ ಸಣ್ಣ ತಂತಿಯೇ ಕೈಕೊಟ್ಟಿತ್ತು!

"ನೋಡ್ರಿ," ಎಂದು ಬಾರಿಸಿ ತೋರಿಸಿದಳು. "ತೊಟ್ಲ ತೂಗೂದು ಕೇಳ್ತದ. ಕೂಸಿನ ಹೆಸರೇ ಕೇಳಂಗಿಲ್ಲ."

ಅವಳ ಕಣ್ಣು ತುಂಬಿತ್ತು. ಆಗಲೇ ನಾನು ಮೇಲೆ ಹೇಳಿದ ಮಾತನ್ನು ಆಡಿದ್ದು.

ರಿಪೇರಿಯ ಮೊದಲನೆಯ ಹಂತದಲ್ಲಿ ನಾನು ಯಂತ್ರವನ್ನು ಮುಟ್ಟಲಿಲ್ಲ, ಚಾಲಕರನ್ನು ಪರಿಶೀಲಿಸಿದೆ. ಸೊಂಟದ ಮೇಲೆ ಕೈಯಿಟ್ಟುಕೊಂಡು ಅವಳ ಬೆರಳುಗಳನ್ನು ಗಮನಿಸಿ ತೀರ್ಪು ಕೊಟ್ಟೆ.

"ತಂತೀದೇನೂ ತಪ್ಪಿಲ್ಲ. ನಿನ್ನ ಬೆರಳು ಮೆತ್ತಗದ. ಸಣ್ಣ ತಂತಿಗಿ ಜೋರ್ ಹೊಡಿ. ರೊಟ್ಟಿ ಬಡ್ಯೂ ಕೈ ಅದು, ತಂತಿಗಿ ಅಂಜ್ತದಾ?"

ಪಾಪ, ನಂಬಿದಳು. ಅಂದಿನಿಂದ ದಿನಾ ಬೆಳಿಗ್ಗೆ ಸಂಜೆ ಸಣ್ಣ ತಂತಿಗೆ ಜೋರಾಗಿ ಹೊಡೆಯುವ ಅಭ್ಯಾಸ ಶುರುವಾಯಿತು. ಬೆರಳ ತುದಿ ಕೆಂಪಾಯಿತು. ಹೆಸರು ಹೊಸ್ತಿಲು ದಾಟಲಿಲ್ಲ.

ಎರಡನೆಯ ಹಂತದಲ್ಲಿ ಎದುರು ಮನೆಯ ಇಮಾಮ್‌ಸಾಬ್ ಬಂದರು. ಸುತ್ತಲ ಊರುಗಳ ಮದುವೆಗೆಲ್ಲ ಮೈಕ್‌ಸೆಟ್ ಕೊಡುವವರು. ನಮಗೆ ಸ್ಪೀಕರ್ ಡಬ್ಬಿ ಎರವಲು ಕೊಟ್ಟವರೂ ಅವರೇ. ಕಿವಿಗೊಟ್ಟು ಕೇಳಿ ತಲೆ ಆಡಿಸಿದರು.

"ಸಣ್ಣ ಅವಾಜು ಬೇಕಂದ್ರ ಟ್ರೆಬಲ್ ಏರಸಬೇಕು ಅಣ್ಣಾ. ಆದ್ರ ಜರಾ ನಿಧಾನಕ್ಕ..."

'ನಿಧಾನಕ್ಕ' ಎಂಬ ಮಾತು ಅವರ ಬಾಯಿಂದ ಪೂರ್ತಿ ಹೊರಬರುವ ಮೊದಲೇ ನಾನು ಡಬ್ಬಿಯ ಟ್ರೆಬಲ್ ಗುಬಟನ್ನು ಕೊನೆಯವರೆಗೆ ತಿರುಗಿಸಿದ್ದೆ. ಡಬ್ಬಿ ಒಂದು ಕ್ಷಣ ಉಸಿರು ಎಳೆದುಕೊಂಡು, ಆಮೇಲೆ ಎಂಥ ಸಿಳ್ಳೆ ಹಾಕಿತೆಂದರೆ ಇಮಾಮ್‌ಸಾಬರ ಎಮ್ಮೆ ಗೂಟ ಕಿತ್ತುಕೊಂಡು ಸ್ಟೇಷನ್ ಕಡೆಗೆ ಓಡಿತು! ಊರೆಲ್ಲ ಹುಡುಕಿ, ಎಮ್ಮೆಯನ್ನು ಮನವೊಲಿಸಿ ಕರೆತರುವಷ್ಟರಲ್ಲಿ ಸಂಜೆಯಾಯಿತು. ಅಂದು ಅದು ಹಾಲು ಕೊಡಲಿಲ್ಲ. ಇಮಾಮ್‌ಸಾಬ್ ದೊಡ್ಡ ಮನುಷ್ಯರು, ಎಮ್ಮೆ ಕಟ್ಟಿ ಒಳಗೆ ಹೋದರು. ಅವರ ಹೆಂಡತಿ ಮಾತ್ರ ನಮ್ಮ ಬಾಗಿಲಿಗೆ ಬಂದು, "ಭಾಬಿ, ಚಾಕ್ಕ ಹಾಲ್ ನೀವೇ ಕೊಡ್ರಿ ಇವತ್ತ" ಎಂದು ಲೋಟ ಚಾಚಿದರು.

ಮೂರನೆಯ ಹಂತಕ್ಕೆ ನಾನು ಆಧುನಿಕ ಮಾರ್ಗ ಹಿಡಿದೆ. ಮೊಬೈಲಿನಲ್ಲಿ ಯಾರೋ ಒಬ್ಬ ಗಡ್ಡದ ಮನುಷ್ಯ ಹಳೆಯ ತಂತಿಗಳನ್ನು ಬಿಚ್ಚಿ ನೀರಿನಲ್ಲಿ ಕುದಿಸುತ್ತಿದ್ದ. ಕುದಿಸಿದರೆ ಕೊಳೆ ಬಿಟ್ಟು ದನಿ ಏರುತ್ತದಂತೆ! ಸರಳ, ಶುದ್ಧ, ಕಡಿಮೆ ಖರ್ಚಿನ ಉಪಾಯ. ಮಹಾದೇವಿ ಅಕ್ಕನ ಬಳಗಕ್ಕೆ ಹೋದ ಹೊತ್ತು ನೋಡಿ ತಂತಿಗಳನ್ನು ಬಿಚ್ಚಿದೆ, ಕೈಗೆ ಸಿಕ್ಕ ಪಾತ್ರೆಯಲ್ಲಿ ನೀರಿಟ್ಟೆ. ಇಲ್ಲಿ ನನ್ನ ವಿವೇಕ ಕೆಲಸ ಮಾಡಿತು. ದಪ್ಪ ತಂತಿಗಳು ಗಟ್ಟಿಮುಟ್ಟು, ಕುದಿ ತಡೆದುಕೊಳ್ಳುತ್ತವೆ. ಸಣ್ಣದು ಮೊದಲೇ ಬಡಕಲು, ಅದಕ್ಕೇನಾದರೂ ಆದರೆ? ಅದೊಂದನ್ನು ಬಿಟ್ಟು ಮಿಕ್ಕ ಮೂರನ್ನೂ ಕುದಿಸಿದೆ.

ಉಪಾಯ ಫಲಿಸಿತು. ಆ ಮೂರರ ದನಿಯೂ ಏರಿತು! ಸಣ್ಣ ತಂತಿ ಈಗ ಅವುಗಳ ಸದ್ದಿನಲ್ಲಿ ಪೂರ್ತಿ ಮುಳುಗಿಹೋಯಿತು.

"ಏನ್ ಮಾಡಿದ್ರಿ ಇದಕ್ಕ?" ಎಂದಳು ಬಂದು ಬಾರಿಸಿ ನೋಡಿ.

"ಸ್ವಚ್ಛ ಮಾಡೀನಿ."

ಆಮೇಲೆ ಚಹಾ ಕಾಸಿದಳು. ಒಂದು ಗುಟುಕು ಕುಡಿದು ನನ್ನ ಮುಖ ನೋಡಿದಳು. ನಾನೂ ಒಂದು ಗುಟುಕು ಕುಡಿದೆ. ಹಳೆಯ ಮೊಳೆ ನೆಕ್ಕಿದ ರುಚಿ. ನಾನು ತಂತಿ ಕುದಿಸಿದ್ದು ಚಹಾದ ಪಾತ್ರೆಯಲ್ಲಿ.

"ಅದರಾಗ ಯಾಕ ಕುದಿಸಿದ್ರಿ?" ಎಂದು ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಲೋಟ ಕೆಳಗಿಟ್ಟು, "ಇರ್ಲಿ ಬಿಡ್ರಿ. ನಾ ವಾಡಿಗಿ ಬರೇ ಕೈಲೆ ಹೋಗಿ ಬರ್ತೀನಿ. ಜೋಗುಳ ಶರಣಿ ಒಬ್ಬಾಕಿ ಅಂದ್ರ ಸಾಕು. ಅಲ್ಲೂ ಬಳ್ಳೊಳ್ಳಿ ಇರ್ತಾವ" ಅಂದಳು. ಎದ್ದು ಹೋಗಿ ಬಚ್ಚಲಲ್ಲಿ ನಿಂತ ನೀರನ್ನು ಕಸಬರಿಗೆಯಿಂದ ಮೋರಿಗೆ ತಳ್ಳತೊಡಗಿದಳು. ಆ ಸರಕ್ ಸರಕ್ ಸದ್ದು ಕೇಳುತ್ತ ನಾನು ಮೊಳೆಯ ಚಹಾ ಪೂರ್ತಿ ಕುಡಿದೆ. ಅದು ನನಗೆ ನಾನೇ ಕೊಟ್ಟುಕೊಂಡ ದಂಡ.

ಬಚ್ಚಲಿನ ವಿಷಯ ಇಷ್ಟೇ. ನಾನು ಕಲ್ಲು ಮಾರುವವನು, ಹಾಸುವವನಲ್ಲ. ಹಾಸುವುದು ಗೌಂಡಿಗಳ ಕೆಲಸ. ಆದರೆ ಸ್ವಂತ ಮನೆ ಕಟ್ಟಿಸಿದಾಗ ಒಂದು ಆಸೆಯಾಗಿ ಬಚ್ಚಲಿನ ಫರ್ಸಿಯನ್ನು ನಾನೇ ನನ್ನ ಕೈಯಾರೆ ಹಾಸಿದೆ. ಎಷ್ಟು ಮಟ್ಟವಾಗಿ ಹಾಸಿದೆನೆಂದರೆ ರಸಮಟ್ಟವನ್ನು ಯಾವ ಮೂಲೆಯಲ್ಲಿಟ್ಟರೂ ಗುಳ್ಳೆ ನಟ್ಟನಡುವೆ ನಿಲ್ಲುತ್ತದೆ. ನೀರೂ ಹಾಗೆಯೇ ನಿಲ್ಲುತ್ತದೆ.

ಈ ರಸಮಟ್ಟವೆಂದರೆ ನಮ್ಮ ಧಂದೆಯ ದೇವರು. ಒಂದು ಪಟ್ಟಿ, ಅದರೊಳಗೆ ಗಾಜಿನ ಕೊಳವೆ, ಕೊಳವೆಯಲ್ಲಿ ನೀರು, ನೀರಿನಲ್ಲೊಂದು ಗುಳ್ಳೆ. ಗುಳ್ಳೆ ನಡುವೆ ನಿಂತರೆ ಕೆಳಗಿರುವುದು ಮಟ್ಟ, ಸರಿದರೆ ಇಲ್ಲ. ಬೇರೆ ಬೇರೆ ದಾರಿ ಹಿಡಿದು ಕೆಟ್ಟ ಮೇಲೆ ನಾನು ಕೊನೆಗೆ ಈ ದೇವರಿಗೇ ಶರಣಾದೆ. ಕಾರ್ಯಕ್ಕೆ ಇನ್ನೊಂದೇ ದಿನ ಉಳಿದಿತ್ತು.

ತಂತಿಗಳ ಕೆಳಗೆ, ಗಿಟಾರಿನ ಹೊಟ್ಟೆಯ ಮೇಲೆ ಒಂದು ಕಪ್ಪು ಪಟ್ಟಿ ಇರುತ್ತದೆ. ಅದರೊಳಗೆ ಅಯಸ್ಕಾಂತ. ತಂತಿ ನಡುಗಿದ್ದನ್ನು ಹಿಡಿದು ಸ್ಪೀಕರಿಗೆ ಕಳಿಸುವುದು ಅದೇ. ಪಿಕಪ್ ಅನ್ನುತ್ತಾರೆ. ಎರಡು ತುದಿಗೂ ಒಂದೊಂದು ತಿರುಪು, ತಿರುಪಿನ ಕೆಳಗೆ ಸ್ಪ್ರಿಂಗು. ಅಂದರೆ ಪಟ್ಟಿಯನ್ನು ಏರಿಸಬಹುದು, ಇಳಿಸಬಹುದು. ನನಗೆ ಮೈ ಜುಮ್ಮೆಂದಿತು. ಇದು ಮತ್ತೇನು? ಹಾಸುಗಲ್ಲು!

ಮನೆಯಲ್ಲಿ ಅತ್ಯಂತ ಮಟ್ಟವಾದ ಒಣ ನೆಲ ಅಡುಗೆಮನೆಯದು. ಗಿಟಾರನ್ನು ಅಲ್ಲಿಗೆ ಒಯ್ದು ಮಲಗಿಸಿದೆ. ಮಹಾದೇವಿ ಪಕ್ಕದಲ್ಲೇ ಪರಾತದಲ್ಲಿ ಜೋಳದ ಹಿಟ್ಟು ಹಾಕಿಕೊಂಡು ರೊಟ್ಟಿ ಬಡಿಯುತ್ತಿದ್ದಳು.

"ಅದನ್ನ ಬಿಡ್ರಿ ಅಂದೆ ನಾ."

"ನೀ ರೊಟ್ಟಿ ಬಡಿ. ಇದು ಮಟ್ಟದ ಕೆಲಸ."

ತಂತಿ ಸಡಿಲಿಸಿ ಅತ್ತ ಸರಿಸಿ, ಪಟ್ಟಿಯ ಮೇಲೆ ರಸಮಟ್ಟ ಇಟ್ಟೆ. ಗುಳ್ಳೆ ಒಂದು ಕಡೆ ಸರಿದಿತ್ತು! "ನೋಡು! ಮಟ್ಟ ಇಲ್ಲ! ನಾ ಅಂದಿದ್ದಿಲ್ಲಾ?" ಎಂದು ಕೂಗಿದೆ. ಕೂಗಿದ ಉತ್ಸಾಹದಲ್ಲಿ ತಿರುಪನ್ನು ಒಂದು ಸುತ್ತು ಹೆಚ್ಚಿಗೆ ತಿರುಗಿಸಿದ್ದರಿಂದ ಅದು ಕಿತ್ತು ಬಂತು. ಅದರ ಬೆನ್ನಿಗೇ ಸ್ಪ್ರಿಂಗು ಟಣ್ ಎಂದು ಹಾರಿತು. ಮೇಲೆ ಹೋದದ್ದನ್ನು ನಾವಿಬ್ಬರೂ ನೋಡಿದೆವು. ಕೆಳಗೆ ಬಂದದ್ದನ್ನು ಇಬ್ಬರೂ ನೋಡಲಿಲ್ಲ.

ಒಲೆಯ ಹಿಂದೆ ಹುಡುಕಿದೆವು. ಡಬ್ಬಿಗಳ ಸಂದಿಯಲ್ಲಿ ಹುಡುಕಿದೆವು. ನನ್ನ ಬನಿಯನ್ನಿನೊಳಗೂ ಹುಡುಕಿದೆವು. ಸಿಗಲಿಲ್ಲ. ಸೋತು ಊಟಕ್ಕೆ ಕೂತೆವು. ಎರಡನೆಯ ರೊಟ್ಟಿಯ ಮೊದಲನೆಯ ತುತ್ತಿಗೆ ನನ್ನ ದವಡೆಯೊಳಗೆ ಏನೋ ಪುಟಿಯಿತು.

ಸ್ಪ್ರಿಂಗು!

ಮಹಾದೇವಿ ನನ್ನ ಮುಖ ನೋಡಿದಳು. ತುಟಿ ಬಿಗಿಹಿಡಿದಳು. ಆಗಲಿಲ್ಲ. ಆ ಗಡಿಗೆಯ ದನಿಯಲ್ಲಿ ನಗತೊಡಗಿದಳು, ನಕ್ಕು ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನನ್ನ ಹಲ್ಲು ಜುಮುಗುಡುತ್ತಿತ್ತು, ಆದರೂ ಅವಳು ಹಾಗೆ ನಕ್ಕು ಎಷ್ಟೋ ದಿನವಾಗಿತ್ತೆಂದು ನನಗೆ ಖುಷಿಯಾಯಿತು.

ಸ್ಪ್ರಿಂಗನ್ನು ತೊಳೆದು, ಹಾಕಿ, ಗುಳ್ಳೆ ಕೂದಲೆಳೆಯಷ್ಟೂ ಸರಿಯದಂತೆ ಪಟ್ಟಿಯನ್ನು ಮಟ್ಟ ಮಾಡಿದೆ. ಮಾಡುವ ಭರದಲ್ಲಿ ಪಟ್ಟಿ ಪೂರ್ತಿ ಮೇಲೇರಿ ತಂತಿಗಳಿಗೆ ತೀರ ಹತ್ತಿರ ಬಂದಿತ್ತು. ಬಾರಿಸಿದಳು. ದಪ್ಪ ತಂತಿಯನ್ನು ಅಯಸ್ಕಾಂತ ಹಿಡಿದು ಜಗ್ಗಿ, ಅದು ಗರ್ರ್ ಎಂದು ನಾಯಿಯಂತೆ ಗುರುಗುಟ್ಟಿತು. ಸಣ್ಣದರ ದನಿ ಒಂಚೂರು ಏರಿತ್ತೇನೋ. ಆ ಗುರುಗುಟ್ಟುವಿಕೆಯಲ್ಲಿ ಯಾರಿಗೆ ಬೇಕಾಗಿತ್ತು?

"ಮಟ್ಟ ಅಂತೂ ಅದ," ಅಂದೆ ನಾನು.

"ಹೂಂ," ಅಂದಳು. ಗಿಟಾರನ್ನು ಚೀಲಕ್ಕೆ ಹಾಕಿ ಜಿಪ್ ಎಳೆದಳು. ಆಗ ಅವಳು ನಗುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಲಿಂಗಪೂಜೆಗೆ ಮೊದಲು ಸ್ನಾನಕ್ಕೆ ಹೋದೆ. ಮನಸ್ಸು ಸರಿಯಿರಲಿಲ್ಲ. ನೀರು ಹೊಯ್ದುಕೊಂಡೆ. ಎಂದಿನಂತೆ ನೀರು ಮೋರಿಗೆ ಹೋಗುವ ವಿಚಾರವನ್ನೇ ಮಾಡದೆ ನನ್ನ ಪಾದದ ಸುತ್ತ ಆರಾಮಾಗಿ ನಿಂತಿತು. ಸಿಟ್ಟು ಬಂತು. "ಹೋಗಂಗಿಲ್ಲೇನು ನೀನು?" ಎಂದು ನೀರನ್ನೇ ಗದರಿಸಿದೆ. ಹೇಗೆ ಹೋಗಬೇಕು ಅದು? ಎಲ್ಲ ಕಡೆ ಸಮ ಮಟ್ಟ. ಮೋರಿಯ ಕಡೆಗೆ ಢಾಳ ಕೊಟ್ಟಿದ್ದರೆ ತಾನೇ! ದಿನವೂ ಗಿರಾಕಿಗಳಿಗೆ, "ಬಚ್ಚಲಕ್ಕ ಢಾಳ ಇಡಸ್ರಿ, ನೀರು ಹೋಗೋ ದಿಕ್ಕಿಗಿ ಜರಾ ಇಳಕಲು ಬೇಕು" ಎಂದು ಪುಕ್ಕಟೆ ಸಲಹೆ ಕೊಡುವವನು ನಾನೇ.

ತಂಬಿಗೆ ಕೈಯಿಂದ ಜಾರಿತು.

ಪಟ್ಟಿ ಹತ್ತಿರ ಬಂದಾಗ ದನಿ ಏರಿತ್ತು. ಹಾಗಾದರೆ ಸಣ್ಣ ತಂತಿಯ ಕಡೆ ಹತ್ತಿರ ಇರಬೇಕು, ದಪ್ಪ ತಂತಿಯ ಕಡೆ ದೂರ ಇರಬೇಕು! ಮಟ್ಟವಲ್ಲ, ಢಾಳ!

"ಮಾದೇವೀ! ಢಾಳ! ಢಾಳ ಇಲ್ಲ!" ಎಂದು ಕೂಗುತ್ತ, ಟಾವೆಲ್ ಸುತ್ತಿಕೊಂಡು, ಮೈತುಂಬ ಸಾಬೂನಿನೊಂದಿಗೆ ಹೊರಗೆ ಓಡಿಬಂದೆ.

"ಕಡೀಗೂ ತಿಳೀತೇನ್ರಿ ನಿಮಗ?" ಎಂದಳು ಮಹಾದೇವಿ, ಕಸಬರಿಗೆ ಹಿಡಿದುಕೊಂಡು. ಅವಳ ಮುಖದಲ್ಲಿ ನಿಜವಾದ ಆನಂದವಿತ್ತು. "ಎಷ್ಟು ವರ್ಷದಿಂದ ಹೇಳ್ಲಿಕತ್ತೀನಿ! ಗೌಂಡಿಗಿ ಯಾವಾಗ ಕರಸ್ತೀರಿ?"

"ಬಚ್ಚಲದ್ದಲ್ಲ! ಗಿಟಾರದ್ದು!"

ಆನಂದ ಇಳಿಯಿತು. ಆದರೂ ಚೀಲ ಬಿಚ್ಚಿದಳು. ಸಾಬೂನು ಹತ್ತಿದ ಕೈಯಿಂದಲೇ ತಿರುಪುಗಳನ್ನು ತಿರುಗಿಸಿದೆ. ದಪ್ಪ ತಂತಿಯ ಕಡೆ ಇಳಿಸಿದೆ, ಸಣ್ಣ ತಂತಿಯ ಕಡೆ ಏರಿಸಿದೆ. ಪಟ್ಟಿ ಓರೆಯಾಯಿತು. ಚಾಳಿ ಬಿಡಲಾಗದೆ ರಸಮಟ್ಟ ಇಟ್ಟು ನೋಡಿದೆ. ಗುಳ್ಳೆ ನಾಚಿಕೆಯಿಲ್ಲದೆ ಒಂದು ತುದಿಗೆ ಹೋಗಿ ಕೂತಿತ್ತು. ನನ್ನ ಕುಲಕಸುಬಿಗೇ ಕಪ್ಪು ಮಸಿ ಬಳಿದಂತಾಯಿತು.

"ಈಗ ಬಾರಸು."

ಅವಳು ಡಬ್ಬಿಯ ವೈರು ಸಿಕ್ಕಿಸಿ, ಒಂದೊಂದಾಗಿ ನಾಲ್ಕೂ ತಂತಿ ಮೀಟಿದಳು. ನಾಲ್ಕೂ ಒಂದೇ ಸಮ! ಮೀಟುತ್ತಲೇ ನನ್ನ ಕಡೆ ನೋಡಿದಳು. ಸೆರಗಿನಿಂದ ನನ್ನ ಕಿವಿಯ ಮೇಲಿದ್ದ ಸಾಬೂನಿನ ನೊರೆ ಒರೆಸಿದಳು. ಮದುವೆಯಾಗಿ ಇಷ್ಟು ವರ್ಷವಾದ ಮೇಲೂ ನನಗೆ ಮೈ ಬೆಚ್ಚಗಾಯಿತು.

ಅಷ್ಟರಲ್ಲಿ ಇಮಾಮ್‌ಸಾಬ್ ಒಳಬಂದು ಸ್ಪೀಕರ್ ಡಬ್ಬಿಯನ್ನು ಒಯ್ದು ಆಟೋದಲ್ಲಿಟ್ಟು, ಬಾಗಿಲಲ್ಲಿ ನಿಂತು ಕೂಗಿದರು. "ಗಾಡಿ ಟೈಮ್ ಆಯ್ತು ಅಣ್ಣಾ! ಅಂಗಿ ಹಾಕ್ಕೊಂಡು ಬರ್ರಿ!" ಇನ್ನೊಮ್ಮೆ ಬಾರಿಸಿ ನೋಡಲು ಸಮಯವಿರಲಿಲ್ಲ. ಓಡಿ ಪ್ಯಾಸೆಂಜರ್ ಹಿಡಿದೆವು. ವಾಡಿ ಬರುವವರೆಗೂ ನಾನು ಎದುರಿಗೆ ಕೂತ ಆಡಕಿ ಊರಿನ ಹಿರಿಯರೊಬ್ಬರಿಗೆ ನನ್ನ ಸಂಶೋಧನೆಯನ್ನು ವಿವರಿಸಿದೆ. ಅವರು ಎಲ್ಲ ಕೇಳಿ, "ಹಂಗಾರ ನಿಮ್ಮ ಮನಿ ಬಚ್ಚಲ ನೀರು ಸರಳ ಹೋಗ್ತಿರಬೇಕಲ್ಲ?" ಅಂದರು. ನಾನು ಕಿಟಕಿಯ ಹೊರಗೆ ನೋಡಿದೆ. ಮಹಾದೇವಿ ಕೆಮ್ಮಿದಳು.

ಶರಣಮ್ಮನ ಮನೆ ತುಂಬ ಹೆಂಗಸರು. ಕಡಲೆ ಗುಗ್ಗರಿ ಬೆಂದ ವಾಸನೆ. ನಡುಮನೆಯಲ್ಲಿ ಹೂವು ಸುತ್ತಿದ ತೊಟ್ಟಿಲು. ನಮ್ಮ ಕಡೆಯ ಪದ್ಧತಿಯಂತೆ ಮೊದಲು ಒರಳಿನ ಗುಂಡುಕಲ್ಲಿಗೆ ಟೊಪ್ಪಿಗೆ ಹಾಕಿ, ಕಾಡಿಗೆ ಹಚ್ಚಿ, ಅದನ್ನೇ ಕೂಸೆಂದು ತೊಟ್ಟಿಲಲ್ಲಿ ಮಲಗಿಸಿದರು. ಆಮೇಲೆ ಅದರ ಪಕ್ಕಕ್ಕೆ ನಿಜವಾದ ಕೂಸು. ಅದು ಹಾಲು ಕುಡಿದು ನಿದ್ದೆಗಿಳಿದಿತ್ತು. ಗೋಡೆಗಾನಿಸಿದ ಕುರ್ಚಿಯಲ್ಲಿ ಗಿಟಾರು ಹಿಡಿದು ಕೂತ ಮಹಾದೇವಿಯನ್ನು ನೋಡಿ ಒಬ್ಬಿಬ್ಬರು ಬಾಯಿಗೆ ಸೆರಗು ಹಚ್ಚಿಕೊಂಡರು. "ಈ ವಯಸ್ಸಿನಾಗ ಏನವ್ವ ಇದು!" ಎಂದು ಯಾರೋ ಅಂದದ್ದು ನನಗೂ ಕೇಳಿತು. ಅವಳಿಗೂ ಕೇಳಿತು. ಅವಳು ಗಿಟಾರನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು.

ಶರಣಮ್ಮ ಜೋಗುಳ ಎತ್ತಿದಳು. ಮಹಾದೇವಿ ದಪ್ಪ ತಂತಿಗಳ ಮೇಲೆ ತೂಗತೊಡಗಿದಳು. ತೊಟ್ಟಿಲು ಹೋಗುವುದೂ ಬರುವುದೂ ಕೇಳಿಸುತ್ತಿತ್ತು. ಸೆರಗು ಹಚ್ಚಿಕೊಂಡವರು ಸೆರಗು ಇಳಿಸಿದರು. ರಾಗ ಮೆಲ್ಲಗೆ ಮೇಲೇರಿತು. ಮಾತಿನಂತೆ ಶರಣಮ್ಮ ಸುಮ್ಮನಾದಳು. ಹೆಸರು ಬಂತು.

ಇಲ್ಲೊಂದು ವಿಷಯ ನಾನು ಮರೆತಿದ್ದೆ. ಸಣ್ಣ ತಂತಿಗೆ ಜೋರಾಗಿ ಹೊಡೆಯಬೇಕೆಂದು ಅವಳ ಬೆರಳಿಗೆ ಪಾಠ ಮಾಡಿದವನು ನಾನು. ಆ ಬೆರಳು ದಿನಾ ಎರಡು ಹೊತ್ತು ಅದನ್ನೇ ಕಲಿತಿತ್ತು. ಅಂದು ಬೆಳಿಗ್ಗೆ ತಂತಿ ಸರಿಯಾಗಿದೆ ಎಂಬ ಸುದ್ದಿ ಅವಳಿಗೆ ಗೊತ್ತಿತ್ತು, ಬೆರಳಿಗೆ ಗೊತ್ತಿರಲಿಲ್ಲ!

ಢಂಯ್!

ಕಲ್ಲಿನ ಗಣಿಯಲ್ಲಿ ಸಿಡಿಮದ್ದು ಹಾರಿದಂತಾಯಿತು. ಮಾಡಿನ ಮೇಲಿನ ಪಾರಿವಾಳಗಳು ಹಾರಿದವು. ಗುಗ್ಗರಿಯ ಬುಟ್ಟಿ ಹಿಡಿದಿದ್ದ ಮುದುಕಿ ಬುಟ್ಟಿ ಬಿಟ್ಟಳು, ಕಡಲೆ ನೆಲದ ತುಂಬ ಉರುಳಿತು. ಕೂಸು ಎರಡೂ ಕೈ ಮೇಲೆತ್ತಿ, ಮುಖ ಕೆಂಪಗೆ ಮಾಡಿ, ಓಣಿಗೆಲ್ಲ ಕೇಳುವಂತೆ ಕಿರುಚಿತು. ತೊಟ್ಟಿಲಲ್ಲಿದ್ದವರ ಪೈಕಿ ಗುಂಡುಕಲ್ಲೊಂದೇ ಅಳಲಿಲ್ಲ. ನಮ್ಮ ಧಂದೆಯ ಮಾನವನ್ನು ಆ ದಿನ ಉಳಿಸಿದ್ದು ಅದೊಂದೇ.

ಮಹಾದೇವಿಯ ಕೈ ತಂತಿಯ ಮೇಲೆಯೇ ನಿಂತಿತು. ಅವಳ ಕಣ್ಣು ಅಡುಗೆಮನೆಯ ಬಾಗಿಲನ್ನು ಹುಡುಕಿದ್ದನ್ನು ನಾನು ನೋಡಿದೆ. ಆಗ ನನ್ನ ಜೀವ ಎಷ್ಟು ಸಣ್ಣದಾಯಿತೆಂದು ಹೇಳಲಾರೆ. ಫರ್ಸಿಯ ಕೆಳಗೆ ಜಾಗವಿದ್ದರೆ ಹೋಗಿ ಮಲಗುತ್ತಿದ್ದೆ.

ಮೊದಲು ನಕ್ಕವಳು ಶರಣಮ್ಮ. ನಗುತ್ತಲೇ ಅಳತೊಡಗಿದಳು.

"ಅಕ್ಕಾ! ಅವ್ವ ಹಿಂಗೇ ಕರೀತಿದ್ಳಲ್ಲ! ನಾವು ಹೊಲದಾಗ ಎಲ್ಲಿದ್ರೂ ಓಡಿ ಬರಬೇಕು, ಹಂಗ ಕರೀತಿದ್ಳು! ನೋಡು, ಕೂಸು ಓ ಅಂತು!"

ಹೌದು, ನಮ್ಮ ಅತ್ತೆಯ ದನಿ ಹಾಗೆಯೇ ಇತ್ತು. ಆಕೆ ಒಮ್ಮೆ ಕರೆದರೆ ನಾನು, ಅಳಿಯ, ಊಟ ಬಿಟ್ಟು ಎದ್ದು ನಿಲ್ಲುತ್ತಿದ್ದೆ. ಕೂತಿದ್ದ ಹಿರಿಯ ಹೆಂಗಸರೆಲ್ಲ "ಖರೇ ಅದ, ಖರೇ ಅದ, ನೀಲವ್ವನ ದನೀನೇ" ಎಂದು ನಗುತ್ತ ಕಣ್ಣೊರೆಸಿಕೊಂಡರು. "ಇನ್ನೊಮ್ಮಿ ಬಾರಸವ್ವ ಮಾದೇವಿ," ಅಂದಳು ಬುಟ್ಟಿ ಬಿಟ್ಟ ಮುದುಕಿ. "ಈ ಸಲ ಜರಾ ಮೆಲ್ಲಕ. ನನಗ ಇರೂದೊಂದೇ ಎದಿ."

ಮಹಾದೇವಿ ಮತ್ತೆ ಶುರು ಮಾಡಿದಳು. ದಪ್ಪ ತಂತಿ ಒಂದೇ ಸಮನೆ ತೂಗಿತು. ಕೂಸಿನ ಅಳು ಬಿಕ್ಕಾಯಿತು, ಬಿಕ್ಕು ಉಸಿರಾಯಿತು. ರಾಗ ಮೇಲೇರಿತು. ಈ ಸಲ ಅವಳ ಬೆರಳು ಸಣ್ಣ ತಂತಿಯನ್ನು ಕೂಸಿನ ಗಲ್ಲ ಮುಟ್ಟಿದ ಹಾಗೆ ಮುಟ್ಟಿತು. ಅದರ ಜೊತೆಗೇ ಇನ್ನೊಂದು ದನಿ ಕೇಳಿತು. ಯಾರದು ಎಂದು ನಾನು ಆಚೀಚೆ ನೋಡಿದೆ. ಅವಳದೇ! ಗಡಿಗೆಯೊಳಗಿನ ಆ ತಗ್ಗಿದ, ಒರಟಾದ ದನಿಯಲ್ಲಿ, ತಂತಿಯ ಪಕ್ಕದಲ್ಲೇ ನಡೆಯುತ್ತ, ಅವಳು ತನ್ನ ಅವ್ವನ ಹೆಸರನ್ನು ಕರೆದಳು. "ನೀಲಮ್ಮಾ..." ಆಪರೇಷನ್ ಆದ ಮೇಲೆ ಅವಳು ಹಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಾನು ಕಲ್ಲಿನ ವ್ಯಾಪಾರಿ, ಕಣ್ಣೀರು ಗೀರು ನನಗೆ ಒಗ್ಗದು. ಆದರೂ ಚೆಲ್ಲಿದ ಗುಗ್ಗರಿ ಆರಿಸುವ ನೆವ ಮಾಡಿಕೊಂಡು ಬಹಳ ಹೊತ್ತು ತಲೆ ಬಗ್ಗಿಸಿಕೊಂಡೇ ಇದ್ದೆ.

ಕಾರ್ಯ ಮುಗಿದ ಮೇಲೆ ಯಾರೂ ಅವಳನ್ನು ಬೆಳ್ಳುಳ್ಳಿ ಸುಲಿಯಲು ಬಿಡಲಿಲ್ಲ. ನಾನು ಗಂಡಸರ ಪಂಕ್ತಿಯಲ್ಲಿ ಕೂತು, ಕೇಳಿದವರಿಗೂ ಕೇಳದವರಿಗೂ, "ಮಟ್ಟ ಅನ್ನೂದು ಎಲ್ಲಾ ಕಡಿ ನಡ್ಯಂಗಿಲ್ಲ ನೋಡ್ರಿ, ಕೆಲವೊಂದಕ್ಕ ಢಾಳ ಬೇಕು" ಎಂದು ಉಪದ್ರವವಾಗುವಷ್ಟು ಉಪದೇಶ ಮಾಡಿದೆ. ಮೂರು ಜನ ನನ್ನ ಪಕ್ಕದಿಂದ ಎದ್ದು ಬೇರೆ ಕಡೆ ಕೂತರು.

ಮನೆಗೆ ಬಂದವನೇ ಅದೇ ಉತ್ಸಾಹದಲ್ಲಿ, "ನಾಳೆ ಬಚ್ಚಲದ ಢಾಳಾನೂ ನಾನೇ ಕೊಡ್ತೀನಿ ಬಿಡು! ಈಗ ಗುಟ್ಟು ತಿಳದದ" ಅಂದೆ. ಮಹಾದೇವಿ ನನ್ನ ಕೈಯಿಂದ ರಸಮಟ್ಟವನ್ನು ಮೆಲ್ಲಗೆ ತೆಗೆದುಕೊಂಡು, ಹಿಟ್ಟಿನ ಡಬ್ಬಿಯ ಹಿಂದಿಟ್ಟಳು.

"ಬ್ಯಾಡ್ರಿ. ಗಿಟಾರಕ್ಕರ ತಿರುಪು ಇತ್ತು, ತಿರುಗಿಸಿದ್ರಿ. ಬಚ್ಚಲಕ್ಕ ತಿರುಪಿಲ್ಲ."

ಗೌಂಡಿ ಇಂದು ಬರುತ್ತೇನೆ, ನಾಳೆ ಬರುತ್ತೇನೆ ಎನ್ನುತ್ತಲೇ ಇದ್ದಾನೆ. ಅಲ್ಲಿಯವರೆಗೆ ಒಂದು ವ್ಯವಸ್ಥೆಯಾಗಿದೆ. ಬೆಳಿಗ್ಗೆ ಅವಳು ಹೊಸ್ತಿಲ ಮೇಲೆ ಕೂತು ನಾಲ್ಕೂ ತಂತಿ ಬಾರಿಸುತ್ತಾಳೆ. ಮನಸ್ಸಿಗೆ ಬಂದರೆ ತಗ್ಗಿದ ದನಿಯಲ್ಲಿ ಒಂದೆರಡು ಸಾಲು ಹಾಡುತ್ತಾಳೆ. ಅವಳ ಬೆರಳುಗಳಿಗೆ ಬೇರೆ ಕೆಲಸ ಬಂದಿರುವುದರಿಂದ ಕಸಬರಿಗೆ ನನ್ನ ಕೈಗೆ ಬಂದಿದೆ. ಒಳಗೆ ಬಚ್ಚಲಲ್ಲಿ ನಿಂತು, ಅವಳ ತಾಳ ತಪ್ಪದಂತೆ, ನಾನು ನೀರು ತಳ್ಳುತ್ತೇನೆ.